ಗಿಡದ ಚೀಟಿಯಲ್ಲಿ ಎತ್ತರ ಬರೆಯಿರಿ

ಮಸ್ಡೆವಾಲಿಯಾ, ಡ್ರಾಕುಲಾ ಜಾತಿಯ ಆರ್ಕಿಡ್‌ಗಳು ಈಗ ಆನ್‌ಲೈನಿನಲ್ಲಿ ತರಿಸಿದರೆ ಮಂಗಳೂರಿನ ಮನೆ ಬಾಗಿಲಿಗೂ ಬರುತ್ತವೆ. ಜೊತೆಗಿರುವ ಚೀಟಿಯಲ್ಲಿ ಹೆಸರಿದೆ, ಬೆಲೆಯಿದೆ, ‘ನೆರಳಿನಲ್ಲಿಡಿ, ತೇವ ಆರದಿರಲಿ’ ಎಂಬ ಸೂಚನೆಯೂ ಇದೆ. ಆ ಗಿಡ ಎಷ್ಟು ಎತ್ತರದ ಬೆಟ್ಟದ್ದು, ರಾತ್ರಿ ಎಷ್ಟು ತಂಪು ಬೇಡುತ್ತದೆ ಎಂಬುದು ಮಾತ್ರ ಇರುವುದಿಲ್ಲ. ಮಾರುವವರು ಅದನ್ನು ಬರೆಯಲೇಬೇಕು.

ಇವು ಹೆಚ್ಚಾಗಿ ಕೊಲಂಬಿಯಾ, ಈಕ್ವೆಡಾರ್ ಕಡೆಯ ಆಂಡೀಸ್ ಬೆಟ್ಟಗಳವು. ಹೆಚ್ಚಿನವು 1,500ರಿಂದ 3,000 ಮೀಟರ್ ಎತ್ತರದಲ್ಲಿ, ಮೋಡ ಬಂದು ತಾಗುವ ಮರಗಳ ಪಾಚಿಯಲ್ಲಿ ಬೇರೂರುತ್ತವೆ. ಕೆಲವು ಡ್ರಾಕುಲಾ ಹೂಗಳ ತುಟಿ ಅಣಬೆಯ ಅಡಿಭಾಗದ ಹಾಗೇ ಇದ್ದು, ಅಣಬೆಗೆ ಮುತ್ತುವ ಸಣ್ಣ ನೊಣಗಳೇ ಅದರ ಪರಾಗ ಒಯ್ಯುತ್ತವೆ. ಇಂಥ ಹೂವನ್ನು ಮನೆಯಲ್ಲಿ ನೋಡಬೇಕೆನ್ನುವ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಆದರೆ ಡೆಂಡ್ರೋಬಿಯಂ ಆರ್ಕಿಡ್‌ಗಳಿಗಿರುವಂತೆ ನೀರು, ಆಹಾರ ಕೂಡಿಡುವ ದಪ್ಪ ಕಾಂಡ ಇವಕ್ಕಿಲ್ಲ. ಹಗಲು ಎಲೆ ಗಳಿಸಿದ ಸಕ್ಕರೆಯನ್ನು ರಾತ್ರಿಯ ಉಸಿರಾಟ ಖರ್ಚು ಮಾಡುತ್ತದೆ. ಸೆಕೆ ಹೆಚ್ಚಿದಷ್ಟೂ ಖರ್ಚು ಹೆಚ್ಚು. ರಾತ್ರಿ 10ರಿಂದ 13 ಡಿಗ್ರಿಗೆ ಇಳಿದರೆ ಒಂದಿಷ್ಟು ಉಳಿಯುತ್ತದೆ. ನಮ್ಮ ಮೇ ತಿಂಗಳ 25 ಡಿಗ್ರಿಯ ರಾತ್ರಿಗಳಲ್ಲಿ ಏನೂ ಉಳಿಯದು. ಕೊಂಡವರು ಎಲೆ ಉದುರಿದ ಕುಂಡ ಹಿಡಿದು ನನ್ನ ಬಳಿ ಬಂದು ‘ನೀರು ಜಾಸ್ತಿಯಾಯ್ತಾ ಅಕ್ಕ?’ ಎಂದು ಕೇಳುತ್ತಾರೆ. ಪಾಪ, ನೀರನ್ನು ಅವರು ಸರಿಯಾಗಿಯೇ ಹಾಕಿರುತ್ತಾರೆ.

ತಂಪು ಮಾಡಲು ಒದ್ದೆ ಗೋಣಿ ಕಟ್ಟಿ ಫ್ಯಾನು ಹಾಕಿ ಎನ್ನುವ ಸಲಹೆ ಬೆಂಗಳೂರಿನ ಒಣ ಏಪ್ರಿಲ್‌ಗೆ ಸರಿ. ಬೆವರೇ ಆರದ ಕರಾವಳಿಯ ಹವೆಯಲ್ಲಿ ಗೋಣಿಯ ನೀರು ಎಲ್ಲಿಂದ ಆವಿಯಾಗಬೇಕು? ಉಳಿಯುವುದು ಎಸಿ ಕೋಣೆ. ಅದರ ಕರೆಂಟ್ ಬಿಲ್ಲು ಎಷ್ಟು ಮನೆಗಳು ಕಟ್ಟಿಯಾವು?

ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲೂ ಇದೇ ಆಯಿತು. ಉಷ್ಣವಲಯದ ಗಿಡವೆಂದು ಬೆಟ್ಟದ ಆರ್ಕಿಡ್‌ಗಳನ್ನೂ ಬಿಸಿ ಗಾಜಿನ ಮನೆಯಲ್ಲಿಟ್ಟು ರಾಶಿ ರಾಶಿ ಕಳೆದುಕೊಂಡರು. ತಂಪಿನಲ್ಲಿಟ್ಟ ಮೇಲೆಯೇ ಅವು ಬದುಕಿದ್ದು. ಅಂದೇ ತಿಳಿದ ಸಂಗತಿಯನ್ನು ಇಂದು ಗಿರಾಕಿಗೆ ಹೇಳದೆ ಮಾರುವುದು ಅನ್ಯಾಯ.

ಎತ್ತರ ತಿಳಿದರೆ ಆಯ್ಕೆ ಸುಲಭ. 2,200 ಮೀಟರ್ ಮೇಲಿರುವ ಊಟಿಯವರು ಧೈರ್ಯವಾಗಿ ಬೆಳೆಸಲಿ. ಮಡಿಕೇರಿಯವರು ಸೆಕೆಯನ್ನು ಕೊಂಚ ತಾಳುವ, ಬ್ರೆಜಿಲ್‌ನ ಮಸ್ಡೆವಾಲಿಯಾ ಇನ್‌ಫ್ರಾಕ್ಟಾ ನೋಡಬಹುದು. ನಮ್ಮ ಕರಾವಳಿಗೆ ಸೀತಾಳೆ ದಂಡೆ ಎಂಬ ಆರ್ಕಿಡ್ ಇದೆ. ಹಲಸಿನ ಮರಕ್ಕೆ ಕಟ್ಟಿದರೆ ಮೇ ತಿಂಗಳ ಸೆಕೆಯಲ್ಲೇ ಗೊಂಚಲು ಬಿಡುತ್ತದೆ. ಕೊಳ್ಳುವಾಗ ಅದು ನರ್ಸರಿಯಲ್ಲೇ ಬೆಳೆದದ್ದೋ ಎಂದು ಕೇಳಿ. ಕಾಡಿನಿಂದ ಕಿತ್ತು ತಂದದ್ದಾದರೆ ಬೇಡವೆನ್ನಿ.