ಎತ್ತರ ಎಷ್ಟು ಅಂತ ಕೇಳಬೇಡಿ

ಕ್ಯಾಂಪಸ್ಸಿನಲ್ಲಿ ಟ್ರೆಕ್ಕಿಂಗ್ ಮಾತು ಬಂದ್ರೆ ಮೊದಲ ಪ್ರಶ್ನೆ ಒಂದೇ: ಎತ್ತರ ಎಷ್ಟು? ಆ ಪ್ರಶ್ನೆಯೇ ಸರಿಯಿಲ್ಲ ಅನ್ನೋದು ನಮ್ಮ ವಾದ. ಮುಳ್ಳಯ್ಯನಗಿರಿ 1,930 ಮೀಟರ್, ರಾಜ್ಯದಲ್ಲೇ ಎತ್ತರದ ಶಿಖರ. ಆದರೆ ತುದಿಯ ಹತ್ತಿರದವರೆಗೂ ರಸ್ತೆ ಇದೆ, ಆಮೇಲೆ ಮೆಟ್ಟಿಲು. ಆ 1,930ರಲ್ಲಿ ದೊಡ್ಡ ಪಾಲು ಗಾಡಿಯ ಇಂಜಿನ್ನಿನದು, ನಮ್ಮ ಕಾಲಿನದಲ್ಲ. ಸರ್ವೇಯಿಂಗ್ ಲ್ಯಾಬಿನಲ್ಲಿ ಡೇಟಮ್ ಬಗ್ಗೆ ರೆಕಾರ್ಡ್ ಬರೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅದಕ್ಕೇ ಈ ಸಲ ನಾವು ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಹೆಸರು ಹೇಳ್ತಿದ್ದೀವಿ. ಶಿಕಾರಿಪುರ, ಸೊರಬದ ಕಡೆಯವರಿಗೆ ಇದು ರೇಣುಕಾಂಬೆಯ ಊರು. ಹೊರಗಿನ ಹಲವರಿಗೆ ಗೊತ್ತಿರೋದು 1986ರ ಗಲಾಟೆ, ಅದಾದ ಮೇಲೆ ಬೆತ್ತಲೆ ಸೇವೆ ನಿಷೇಧವಾದದ್ದು, ಅಷ್ಟೇ. ಬಂದವರಲ್ಲಿ ಹೆಚ್ಚಿನವರು ಮೆಟ್ಟಿಲು ಹತ್ತಿ, ಗುಹೆಯೊಳಗಿನ ಅಮ್ಮನಿಗೆ ಕೈಮುಗಿದು ವಾಪಸ್ ಹೋಗ್ತಾರೆ. ನಿಜವಾದ ಗುಡ್ಡ ಶುರುವಾಗೋದೇ ಅಲ್ಲಿಂದ ಮೇಲೆ: ಬಂಡೆ, ಮುಳ್ಳುಗಿಡ, ಪಾಳುಬಿದ್ದ ಕೋಟೆ. ಮಳೆಗಾಲದಲ್ಲಂತೂ ಕಲ್ಲಿನ ಮೇಲೆ ಕಾಲು ನಿಲ್ಲಲ್ಲ.

ಕದಂಬರ ಬನವಾಸಿ ಇಲ್ಲಿಂದ ದೂರವಿಲ್ಲ. ಮುಂದೆ ವಿಜಯನಗರದವರು, ಕೆಳದಿಯ ನಾಯಕರು ಈ ಗುಡ್ಡಕ್ಕೆ ಬೆಲೆ ಕೊಟ್ಟರು. ಅವರು ಎತ್ತರವನ್ನಷ್ಟೇ ನೋಡಿದವರಲ್ಲ. ಗಿರಿದುರ್ಗದ ಲೆಕ್ಕ ಬೇರೆ: ಬಂಡೆಯೇ ಗೋಡೆಯಾದರೆ ಗೋಡೆಯ ಖರ್ಚು ಉಳಿಯಿತು, ಮೇಲೆ ಮಳೆನೀರು ನಿಂತರೆ ಮುತ್ತಿಗೆ ತಡೆಯಬಹುದು. ಹತ್ತೋದು ಕಷ್ಟ ಅನ್ನೋದೇ ಅಲ್ಲಿ ಡಿಸೈನ್.

ಬರೆದರೆ ಜನ ಮುಗಿಬೀಳ್ತಾರೆ, ಸುಮ್ಮನಿರಿ ಅಂತ ನಮ್ಮಲ್ಲೇ ಕೆಲವರು ಹೇಳಿದರು. ಭಯ ಸುಳ್ಳಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತದ ನೂಕುನುಗ್ಗಲು ನೋಡಿಯೇ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣ ನಿಲ್ಲಿಸಿತು. ಆದರೆ ಚಂದ್ರಗುತ್ತಿ ಯಾರೋ ಬಚ್ಚಿಟ್ಟ ಗುಡ್ಡವಲ್ಲ, ತಲೆಮಾರುಗಳಿಂದ ಭಕ್ತರು ಬರ್ತಾನೇ ಇದ್ದಾರೆ. ನಮಗೆ ಚಿಂತೆ ಇರೋದು ನಮ್ಮಂಥವರ ಬಗ್ಗೆನೇ. ಐವತ್ತು ಜನ, ಕ್ಲಬ್ ಬ್ಯಾನರ್, ಬ್ಲೂಟೂತ್ ಸ್ಪೀಕರ್, ಕೋಟೆ ಕಲ್ಲಿನ ಮೇಲೆ ಬ್ರಾಂಚಿನ ಹೆಸರು (ಯಾವ ಬ್ರಾಂಚ್ ಅಂತ ಹೇಳಲ್ಲ ಬಿಡಿ). ಊರಿನವರಿಗೆ ಅದು ಮೊದಲು ಅಮ್ಮನ ಗುಡ್ಡ, ಆಮೇಲೆ ನಮ್ಮ ಟ್ರೆಕ್ಕಿಂಗ್ ಸ್ಪಾಟ್.

ಹಾಗಾಗಿ ಹತ್ತು ಜನ ಸಾಕು. ಜಾತ್ರೆಯ ದಿನ ಬೇಡ, ಮಳೆಗಾಲವೂ ಬೇಡ. ದೇವಸ್ಥಾನದ ಹತ್ತಿರ ಕೇಳಿಕೊಂಡೇ ಮೇಲೆ ಹೋಗೋದು, ಹೊತ್ತು ಮುಳುಗೋ ಮುಂಚೆ ಇಳಿಯೋದು, ಒಯ್ದ ಬಾಟಲಿಯನ್ನು ಎಣಿಸಿ ವಾಪಸ್ ತರೋದು. ಡಿಸೆಂಬರಿನ ಒಂದು ಭಾನುವಾರಕ್ಕೆ ಹೆಸರು ಕೊಡಿ, ಹತ್ತಾದ ಮೇಲೆ ಬಂದವರಿಗೆ ಜನವರಿ.