ಬೇಕಾಗಿದ್ದಾರೆ: ಸಂಖ್ಯಾಶಾಸ್ತ್ರಕ್ಕೆ ಒಬ್ಬ ಮೇಷ್ಟ್ರು



ಕಳೆದ ಸಂಚಿಕೆ ಓದಿದ ಇಬ್ಬರು ಗೆಳತಿಯರು ಫೋನ್ ಮಾಡಿ, "ಹಪ್ಪಳ ಸಂಡಿಗೆ ಸಾಕು ಮಾರಾಯ್ತಿ, ಮಕ್ಕಳ ಓದಿನ ಬಗ್ಗೆ ಏನಾದರೂ ಬರೆಯಿರಿ" ಎಂದರು. ಅವರು ಹೇಳಿದ್ದೂ ನಿಜವೇ. ಜೂನ್ ಹತ್ತಿರ ಬಂತು. ಹತ್ತನೆಯ ತರಗತಿ ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಈಗ ಎರಡೇ ಮಾತು: ಯಾವ ಕಾಲೇಜು, ಯಾವ ಕ್ಲಾಸು? ಹಾಗಾಗಿ ನಮ್ಮ ಮನೆಯಲ್ಲಿ 2024ರಲ್ಲಿ ನಡೆದದ್ದನ್ನೇ ಹೇಳುತ್ತೇನೆ. ನಾವು ಪಟ್ಟ ಪಾಡನ್ನು ನೀವು ಪಡದಿದ್ದರೆ ಈ ಅಂಕಣ ಬರೆದದ್ದು ಸಾರ್ಥಕ.

ಆ ವರ್ಷ ನಮ್ಮ ಕಿರಿಯ ಮಗಳು ಹನ್ನೊಂದನೆಯ ಕಾಮರ್ಸಿಗೆ ಸೇರಿದಳು. ಗಣಿತ ಬೇಡ ಎನ್ನುವವರಿಗೆ ಸೆಕ್ರೆಟೇರಿಯಲ್ ಪ್ರಾಕ್ಟೀಸ್ ಉಂಟು, ನಮ್ಮ ಮಕ್ಕಳ ಭಾಷೆಯಲ್ಲಿ ಎಸ್.ಪಿ. ಇವಳು ಹಟ ಹಿಡಿದು ಗಣಿತವನ್ನೇ ಆರಿಸಿಕೊಂಡಳು. ಮಹಾರಾಷ್ಟ್ರ ಬೋರ್ಡಿನಲ್ಲಿ ಆ ವಿಷಯದ ಪೂರ್ತಿ ಹೆಸರು ಮ್ಯಾಥಮ್ಯಾಟಿಕ್ಸ್ ಅಂಡ್ ಸ್ಟ್ಯಾಟಿಸ್ಟಿಕ್ಸ್. ಬಾಲಭಾರತಿಯ ಎರಡು ದಪ್ಪ ಪುಸ್ತಕಗಳು. ಎರಡನೆಯ ಪುಸ್ತಕ ಬಹುಪಾಲು ಸಂಖ್ಯಾಶಾಸ್ತ್ರವೇ. ಮಾನಕ ವಿಚಲನೆ, ಸಹಸಂಬಂಧ, ಕೈ-ಸ್ಕ್ವೇರ್, ಕ್ರಮಯೋಜನೆ, ವಿಕಲ್ಪ, ಸಂಭವನೀಯತೆ. ಮುಂದೆ ಹನ್ನೆರಡನೆಯಲ್ಲಿ ರಿಗ್ರೆಶನ್, ಕಾಲಶ್ರೇಣಿ, ಸೂಚ್ಯಂಕ.

ಅವಳ ಹಟಕ್ಕೆ ಒಂದು ಕಾರಣವಿತ್ತು. 2020ರಲ್ಲಿ ಕೊರೋನಾ ಬಂದು ಎಲ್ಲರೂ ಮನೆಯೊಳಗೆ ಕುಳಿತಿದ್ದಾಗ ಈ ಹುಡುಗಿ ದಿನಾ ಪೇಪರಿನಲ್ಲಿ ಬರುತ್ತಿದ್ದ ಅಂಕಿಗಳನ್ನು ನೋಡಿ, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಚುಕ್ಕಿ ಇಟ್ಟು ಗೆರೆ ಎಳೆಯುತ್ತಿದ್ದಳು. "ಅಮ್ಮ, ಇವತ್ತು ಗೆರೆ ಬಗ್ಗಿತು" ಎಂದು ಅವಳು ಹೇಳಿದ ದಿನ ಮನೆಯವರೆಲ್ಲ ನಿಟ್ಟುಸಿರು ಬಿಟ್ಟಿದ್ದೆವು. ಆಗಿನಿಂದ ಸಂಖ್ಯಾಶಾಸ್ತ್ರವನ್ನೇ ಓದುತ್ತೇನೆ ಎನ್ನುತ್ತಿದ್ದಳು.

ಅಂಥವಳಿಗೆ ಮೊದಲ ಯೂನಿಟ್ ಟೆಸ್ಟಿನಲ್ಲಿ 25ಕ್ಕೆ 6 ಬಂತು.

ಇನ್ನು ಕೇಳಬೇಕೆ? ಮರುದಿನವೇ ಸ್ಟೇಷನ್ನಿನ ಎದುರಿನ ಒಂದು ದೊಡ್ಡ ಕ್ಲಾಸಿಗೆ ಓಡಿದೆವು. ಗೋಡೆಯ ತುಂಬ ಮೊದಲ ದರ್ಜೆಯ ಮಕ್ಕಳ ಫೋಟೋಗಳು. ವರ್ಷದ ಹಣ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎಂದರು. ರಿಯಾಯಿತಿ ಎಂದರೆ ನಾವು ಹೆಂಗಸರು ಸೀರೆ ಅಂಗಡಿಯಲ್ಲೂ ಸೋಲುತ್ತೇವೆ, ಇಲ್ಲೂ ಸೋತೆ. ಒಂದೇ ಕೋಣೆಯಲ್ಲಿ 70 ಮಕ್ಕಳು. ಮಾನಕ ವಿಚಲನೆಯ ಪಾಠ ಎರಡೇ ದಿನದಲ್ಲಿ ಮುಗಿಯಿತಂತೆ. "ಯಾಕೆ ಎಂದು ಕೇಳಬೇಡಿ, ಫಾರ್ಮುಲಾ ಬರೆದುಕೊಳ್ಳಿ" ಎನ್ನುವುದು ಅಲ್ಲಿನ ಮಂತ್ರ. ಆರು ವಾರ ಕಳೆದ ಮೇಲೆ ಯಜಮಾನರು ನನ್ನನ್ನು ಕರೆಸಿ, "ಆಂಟಿ, ಮ್ಯಾಥ್ಸ್ ಬಿಡಿಸಿ ಎಸ್.ಪಿ. ಕೊಡಿಸಿ, ಹುಡುಗಿಗೆ ಪರ್ಸೆಂಟೇಜ್ ಬರುತ್ತದೆ" ಎಂದರು. ಬಿಡಿಸುವುದಾದರೆ ಉಳಿದ ಹಣ ಕೊಡಿ ಎಂದೆ. ರಸೀದಿಯ ಹಿಂದೆ ಇರುವೆ ಸಾಲಿನಂಥ ಅಕ್ಷರಗಳನ್ನು ತೋರಿಸಿದರು. ಕಟ್ಟಿದ ಹಣ ಕಟ್ಟಿದ್ದೇ.

ನಂತರ ಮನೆಗೇ ಬಂದು ಹೇಳಿಕೊಡುವ ಒಬ್ಬ ಇಂಜಿನಿಯರಿಂಗ್ ಹುಡುಗ ಸಿಕ್ಕಿದ. ಒಳ್ಳೆಯ ಹುಡುಗ, ಹೊತ್ತಿಗೆ ಸರಿಯಾಗಿ ಬರುತ್ತಿದ್ದ. ಕ್ಯಾಲ್ಕ್ಯುಲಸ್ ನೀರು ಕುಡಿದಂತೆ ಮಾಡುತ್ತಿದ್ದ. ಆದರೆ ಮಗಳು, "ಭಯ್ಯಾ, ಸರಾಸರಿಯಿಂದ ಎಷ್ಟು ದೂರ ಎಂದು ನೋಡಿದ ಮೇಲೆ ಅದನ್ನು ವರ್ಗ ಏಕೆ ಮಾಡಬೇಕು?" ಎಂದು ಕೇಳಿದರೆ, "ಅದು ಹಾಗೇ" ಎನ್ನುತ್ತಿದ್ದ. ಅವನ ತಪ್ಪೂ ಅಲ್ಲ, ಅವನಿಗೆ ಕಲಿಸಿದವರೂ ಹಾಗೇ ಕಲಿಸಿರಬೇಕು.

ಇಲ್ಲಿ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಒಂದು ಸಂಜೆ ಅವಳು ಅಳುತ್ತ ಕುಳಿತಿದ್ದಾಗ, ಸಮಾಧಾನ ಮಾಡುವ ಭರದಲ್ಲಿ, "ಹೋಗಲಿ ಬಿಡು ಮಗಳೇ, ನಮ್ಮ ಮನೆತನದಲ್ಲೇ ಹೆಂಗಸರಿಗೆ ಲೆಕ್ಕ ಹತ್ತುವುದಿಲ್ಲ. ನಾನು ಲೆಕ್ಕಕ್ಕೆ ಹೆದರಿಯೇ ಇಂಗ್ಲಿಷ್ ಬಿ.ಎ. ಮಾಡಿದವಳು" ಎಂದುಬಿಟ್ಟೆ. ಮರುದಿನ ಅವಳು ವಿಷಯ ಬದಲಾಯಿಸುವ ಅರ್ಜಿ ತಂದು, ಸಹಿ ಹಾಕು ಎಂದು ಮೇಜಿನ ಮೇಲೆ ಇಟ್ಟಳು. ಒಂದು ಮಾತೂ ಆಡಲಿಲ್ಲ. ಇವರು, "ನವರಾತ್ರಿ ಕಳೆಯಲಿ, ಆಮೇಲೆ ನೋಡೋಣ" ಎಂದರು.

ಆ ನವರಾತ್ರಿಯೇ ನಮ್ಮನ್ನು ಕಾಪಾಡಿತು. ಸಂಘದ ಅರಿಸಿನ ಕುಂಕುಮದ ದಿನ ನನ್ನ ಗೋಳನ್ನು ಪಕ್ಕದವರೊಂದಿಗೆ ತೋಡಿಕೊಳ್ಳುತ್ತಿದ್ದೆ. ಭಜನೆಯಲ್ಲಿ ಎಷ್ಟೋ ವರ್ಷಗಳಿಂದ ನನ್ನ ಹಿಂದಿನ ಸಾಲಿನಲ್ಲೇ ಕೂರುವ ಧಾರವಾಡದ ಹಿರಿಯರೊಬ್ಬರು, "ಸ್ಟ್ಯಾಟಿಸ್ಟಿಕ್ಸೇನ್ರೀ? ನಾ ಅದರಾಗ ಎಮ್ಮೆಸ್ಸಿ ಮಾಡೇನಿ. ಹುಡಿಗೀನ್ನ ಕಳಸ್ರಿ, ನೋಡೂಣು" ಎಂದರು. ವಿಚಾರಿಸಿದರೆ, ಅವರು ನ್ಯಾಷನಲ್ ಸ್ಯಾಂಪಲ್ ಸರ್ವೆಯಲ್ಲಿ ದುಡಿದು ನಿವೃತ್ತರಾದವರು! 1950ರಲ್ಲಿ ಪ್ರಾರಂಭವಾದ ಆ ಸರ್ವೆಯವರು ಮನೆ ಮನೆಗೆ ಹೋಗಿ, ತಿಂಗಳಿಗೆ ಅಕ್ಕಿ ಎಷ್ಟು, ಎಣ್ಣೆ ಎಷ್ಟು, ಔಷಧಿಗೆ ಎಷ್ಟು ಎಂದು ಬರೆದುಕೊಳ್ಳುತ್ತಾರಲ್ಲ, ಅದು. ಇಷ್ಟು ವರ್ಷ ಅವರ ಕಂಠವನ್ನು ಹೊಗಳಿದ್ದೆನೇ ಹೊರತು, ಅವರು ಏನು ಕೆಲಸದಲ್ಲಿದ್ದರು ಎಂದು ಒಮ್ಮೆಯೂ ಕೇಳಿರಲಿಲ್ಲ.

ನಮ್ಮ ಕಡೆಯ ರೂಢಿಯಂತೆ ನಾನು ಟೀಚರ್ ಎಂದರೆ ಅವರು, "ನಮ್ಮೂರಾಗ ಅಕ್ಕೋರು ಅಂತಾರ" ಎಂದರು. ನಮಗೂ ಅಕ್ಕೋರೇ ಆದರು. ಮೊದಲ ದಿನ ಪಾಠವನ್ನೇ ಮಾಡಲಿಲ್ಲ. ಆ 6 ಅಂಕದ ಉತ್ತರಪತ್ರಿಕೆ ಕೇಳಿ ಪಡೆದು, ಒಂದೊಂದು ಸಾಲನ್ನೂ ಬೆರಳಿಟ್ಟು ಓದಿ, "ಲೆಕ್ಕ ಬರತದವಾ ತಂಗಿ ನಿನಗ. ಯಾಕ ಮಾಡಬೇಕು ಅನ್ನೂದು ಗೊತ್ತಿಲ್ಲ, ಅದಕ್ಕ ನಡುವ ಕೈ ಬಿಟ್ಟೀದಿ" ಎಂದರು.

ಮಾನಕ ವಿಚಲನೆಯನ್ನು ಅವರು ಹೇಳಿಕೊಟ್ಟದ್ದು ನಮ್ಮ ಲೋಕಲ್ ಗಾಡಿಗಳಿಂದ. ಒಂದು ಗಾಡಿ ಐದು ದಿನ ಕ್ರಮವಾಗಿ 4, 5, 6, 5, 5 ನಿಮಿಷ ತಡ. ಇನ್ನೊಂದು 0, 10, 1, 14, 0 ನಿಮಿಷ ತಡ. ಎರಡರದ್ದೂ ಸರಾಸರಿ 5 ನಿಮಿಷವೇ. ಯಾವ ಗಾಡಿಯನ್ನು ನಂಬಿ ಮನೆ ಬಿಡುತ್ತೀರಿ? ಮೊದಲನೆಯದನ್ನು ಎಂದು ನಾನು ಅಡುಗೆಮನೆಯಿಂದಲೇ ಕೂಗಿದೆ. ಸರಾಸರಿ ಹೇಳದ ಆ ನಂಬಿಕೆಯನ್ನು ಅಳೆಯುವ ಕೋಲೇ ಮಾನಕ ವಿಚಲನೆ. ಮೊದಲ ಗಾಡಿಗೆ ಅದು ಅರ್ಧ ನಿಮಿಷಕ್ಕೆ ತುಸು ಹೆಚ್ಚು, ಎರಡನೆಯದಕ್ಕೆ ಸುಮಾರು 6 ನಿಮಿಷ. ವರ್ಗ ಏಕೆ ಮಾಡಬೇಕು? ಸರಾಸರಿಗಿಂತ ಮೇಲಿನ ಅಂತರ, ಕೆಳಗಿನ ಅಂತರ ಎರಡನ್ನೂ ಹಾಗೆಯೇ ಕೂಡಿದರೆ ಒಂದನ್ನೊಂದು ತಿಂದು ಸೊನ್ನೆಯಾಗುತ್ತದೆ, ವರ್ಗ ಮಾಡಿದರೆ ಋಣ ಚಿಹ್ನೆ ಹೋಗುತ್ತದೆ. ಭಯ್ಯಾ ಹೇಳದ ಉತ್ತರ ಐದು ನಿಮಿಷದಲ್ಲಿ ಸಿಕ್ಕಿತು.

ಇನ್ನೊಂದು ದಿನ ಕಾಫಿ ಕೊಡುತ್ತ, ಚಿಕೋರಿ ಬೆರೆಸಿದ್ದರೆ ನಾನು ಒಂದು ಗುಟುಕಿನಲ್ಲೇ ಹೇಳಬಲ್ಲೆ ಎಂದು ಜಂಬ ಕೊಚ್ಚಿದೆ. ಅಕ್ಕೋರು ಹಿಡಿದುಕೊಂಡರು. ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮ್ಯೂರಿಯಲ್ ಬ್ರಿಸ್ಟಲ್ ಎಂಬ ವಿಜ್ಞಾನಿ, ಬಟ್ಟಲಿಗೆ ಹಾಲು ಮೊದಲು ಹಾಕಿದರೋ ಚಹಾ ಮೊದಲು ಹಾಕಿದರೋ ಕುಡಿದು ಹೇಳಬಲ್ಲೆ ಎಂದಿದ್ದರಂತೆ. ಅಲ್ಲೇ ಇದ್ದ ರೊನಾಲ್ಡ್ ಫಿಶರ್ ಅದನ್ನು ಪರೀಕ್ಷಿಸುವ ಬಗೆಯನ್ನು ಯೋಚಿಸಿ, ಎಂಟು ಬಟ್ಟಲುಗಳ ಆ ಪರೀಕ್ಷೆಯನ್ನು 1935ರ ತಮ್ಮ ಪುಸ್ತಕದಲ್ಲಿ ಬರೆದರು. ಸಂಖ್ಯಾಶಾಸ್ತ್ರದವರಿಗೆ ಅದು ಮನೆಮಾತು. "ನಿಮ್ಮವ್ವನ್ನೂ ಹಂಗ ಪರೀಕ್ಷಾ ಮಾಡೂಣೇನು?" ಎಂದರು ಮಗಳಿಗೆ.

ಎಂಟು ಲೋಟ ಕಾಫಿ. ನಾಲ್ಕರಲ್ಲಿ ಚಿಕೋರಿ, ನಾಲ್ಕರಲ್ಲಿ ಇಲ್ಲ. ಮಗಳು ಚೀಟಿ ಎತ್ತಿ, ನನಗೆ ಕಾಣದಂತೆ ಜೋಡಿಸಿದಳು. ಚಿಕೋರಿಯ ನಾಲ್ಕು ಲೋಟಗಳನ್ನು ನಾನು ಆರಿಸಬೇಕು. ಕಣ್ಣು ಮುಚ್ಚಿ, ಗಂಭೀರವಾಗಿ ಕುಡಿದು ಆರಿಸಿದೆ. ಮೂರು ಸರಿ, ಒಂದು ತಪ್ಪು.

ನಾಲ್ಕರಲ್ಲಿ ಮೂರು! ಮುಕ್ಕಾಲು ಪಾಲು ಗೆದ್ದೆ ಎಂದು ನಾನು ಬೀಗುತ್ತಿದ್ದರೆ, ಮಗಳು ಪೆನ್ಸಿಲ್ ಹಿಡಿದು ಕುಳಿತಳು. ಎಂಟರಲ್ಲಿ ನಾಲ್ಕನ್ನು ಆರಿಸುವ ಬಗೆಗಳು ಒಟ್ಟು 70. ನಾಲ್ಕೂ ಸರಿಯಾಗುವುದು ಒಂದೇ ಬಗೆಯಲ್ಲಿ, ಮೂರು ಸರಿಯಾಗುವುದು 16 ಬಗೆಯಲ್ಲಿ, ಎರಡು ಸರಿಯಾಗುವುದು 36, ಒಂದು 16, ಒಂದೂ ಸರಿಯಾಗದಿರುವುದು 1. ಅಂದರೆ ಕಾಫಿಯ ಗಂಧವೇ ಗೊತ್ತಿಲ್ಲದವರು ಸುಮ್ಮನೆ ಕೈ ತೋರಿಸಿದರೂ ಮೂರು ಅಥವಾ ನಾಲ್ಕು ಸರಿಯಾಗುವ ಸಂಭವ 70ಕ್ಕೆ 17, ಹತ್ತಿರ ಹತ್ತಿರ ನಾಲ್ಕರಲ್ಲಿ ಒಂದು! ನಾಲ್ಕೂ ಸರಿ ಹೇಳಿದ್ದರೆ 70ರಲ್ಲಿ ಒಂದು, ಆಗ ನನ್ನ ನಾಲಿಗೆಯನ್ನು ನಂಬಬಹುದಿತ್ತು. "ಅಮ್ಮ, ನಿನಗೆ ಗೊತ್ತಾಗುವುದಿಲ್ಲ ಎಂದು ಹೇಳುತ್ತಿಲ್ಲ. ಗೊತ್ತಾಗುತ್ತದೆ ಎನ್ನಲು ಇಷ್ಟು ಸಾಲದು" ಎಂದಳು. ಇವರು ಪೇಪರಿನ ಹಿಂದೆ ನಗುತ್ತಿದ್ದರು. ನನ್ನ ಜಂಬ ಇಳಿದರೂ, ಎಷ್ಟೋ ತಿಂಗಳ ಮೇಲೆ ಅವಳ ಮುಖದಲ್ಲಿ ಗೆಲುವು ಕಂಡಿತು.

ಅದೇ ಧೈರ್ಯದಲ್ಲಿ ನಮ್ಮ ಮನೆತನದ ವಿಷಯವನ್ನೂ ಅಕ್ಕೋರಿಗೆ ಹೇಳಿದೆ. ಅವರು, "ಅನ್ನ ಬೆಂದದೋ ಇಲ್ಲೋ ನೋಡ್ಲಿಕ್ಕೆ ಒಂದ ಅಗುಳು ಸಾಕು ಅಂತೀವಿ, ಖರೆ. ಆದರ ಬರೇ ಮ್ಯಾಲಿನ ಅಗುಳ ಹಿಚುಕಿದ್ರ ತಳದ್ದು ಗೊತ್ತಾಗತದೇನ್ರೀ? ನಿಮ್ಮ ಮನಿಯಾಗ ಎಷ್ಟ ಹೆಣ್ಣಮಕ್ಕಳಿಗೆ ಲೆಕ್ಕ ಕಲಿಸಿ ನೋಡೀರಿ?" ಎಂದು ಕೇಳಿದರು. ಯಾರಿಗೂ ಕಲಿಸಿರಲಿಲ್ಲ. ಸರ್ವೆಗೆ ಹೋದಾಗಲೂ ಗಂಡಸರು ಜಗುಲಿಯಲ್ಲಿ ಕುಳಿತು ಒಂದು ಲೆಕ್ಕ ಹೇಳುತ್ತಿದ್ದರಂತೆ, ಒಳಗಿನಿಂದ ಹೆಂಗಸರು ಅದನ್ನು ತಿದ್ದುತ್ತಿದ್ದರಂತೆ. ಡಬ್ಬಿಯಲ್ಲಿ ಅಕ್ಕಿ ಎಷ್ಟಿದೆಯೆಂದು ಬಲ್ಲವರು ಅವರೇ ತಾನೆ? ಆ ರಾತ್ರಿ ನನ್ನ ಮೂವತ್ತು ವರ್ಷದ ಹಾಲಿನ, ದಿನಸಿಯ ಲೆಕ್ಕದ ಪುಸ್ತಕಗಳನ್ನು ಕಪಾಟಿನಿಂದ ತೆಗೆದು ಮಗಳ ಮುಂದಿಟ್ಟೆ. ಮಧ್ಯಾಂಕ, ಸೂಚ್ಯಂಕ ಎಲ್ಲ ಅದರಿಂದಲೇ ಕಲಿತಳು. ಆ ಅರ್ಜಿಗೆ ಸಹಿ ಬೀಳಲೇ ಇಲ್ಲ.

ಅಕ್ಕೋರು ಅವಳಿಗೆ ಸಿ. ಆರ್. ರಾವ್ ಅವರ ಕತೆಯನ್ನೂ ಹೇಳಿದರು. ಜಗತ್ತಿನ ಸಂಖ್ಯಾಶಾಸ್ತ್ರಜ್ಞರಲ್ಲಿ ಅಗ್ರಗಣ್ಯರಾದ ಅವರು 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ, ತೆಲುಗು ಮನೆತನದಲ್ಲಿ. 1945ರಲ್ಲಿ, ಇನ್ನೂ ಇಪ್ಪತ್ತೈದರ ಹರೆಯದಲ್ಲಿ, ಬರೆದ ಒಂದು ಲೇಖನದಿಂದ ಅವರ ಹೆಸರು ಪಠ್ಯಪುಸ್ತಕಗಳಲ್ಲಿ ಉಳಿಯಿತು. 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು. ಅದೇ ವರ್ಷದ ಆಗಸ್ಟಿನಲ್ಲಿ, 102ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಈಗ ನಿಮಗೆ ನಾಲ್ಕು ಮಾತು. ಯಾವ ಮೇಷ್ಟ್ರನ್ನೇ ನೋಡಿ, ಮೊದಲು ಒಂದು ಪ್ರಶ್ನೆ ಕೇಳಿ: ಸೂತ್ರ ಬರೆಯದೆ ಮಾನಕ ವಿಚಲನೆ ಎಂದರೇನು ಹೇಳುತ್ತೀರಾ? ನಮಗೆ ಅರ್ಥವಾಗುವಂತೆ ಹೇಳಿದರೆ ಮಗುವಿಗೂ ಅರ್ಥವಾಗುತ್ತದೆ. ಎರಡನೆಯದು, ಅವರು ಮೊದಲ ದಿನ ಮಗುವಿನ ತಪ್ಪುಗಳನ್ನು ನೋಡುತ್ತಾರೋ, ತಮ್ಮ ನೋಟ್ಸ್ ಕೊಡುತ್ತಾರೋ ಗಮನಿಸಿ. ಮೂರನೆಯದು, ಗಣಿತ ಬಲ್ಲವರೆಲ್ಲ ಸಂಖ್ಯಾಶಾಸ್ತ್ರ ಕಲಿಸಬಲ್ಲರು ಎಂದುಕೊಳ್ಳಬೇಡಿ. ಆ ಪುಸ್ತಕವನ್ನೇ ಮುಂದಿಟ್ಟು, ಇಷ್ಟನ್ನೂ ಕಲಿಸುತ್ತೀರಾ ಎಂದು ಕೇಳಿ. ನಾಲ್ಕನೆಯದು, ಹಣ ತಿಂಗಳು ತಿಂಗಳು ಕೊಡಿ. ಕೋಚಿಂಗ್ ಕೇಂದ್ರಗಳಿಗಾಗಿ ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಹೊರಡಿಸಿದ ಮಾರ್ಗದರ್ಶಿಯಲ್ಲಿ, ಪೂರ್ತಿ ಹಣ ಕಟ್ಟಿದ ವಿದ್ಯಾರ್ಥಿ ನಡುವೆ ಬಿಟ್ಟರೆ ಉಳಿದ ಅವಧಿಯ ಹಣವನ್ನು 10 ದಿನದೊಳಗೆ ಹಿಂದಿರುಗಿಸಬೇಕು ಎಂದಿದೆ. ಜಾರಿಗೆ ತರುವುದು ರಾಜ್ಯಗಳ ಕೈಯಲ್ಲಿದೆ, ಆದರೂ ಆ ಕಾಗದವನ್ನು ಕೈಯಲ್ಲಿ ಹಿಡಿದು ಕೇಳಬಹುದು. ನನಗೆ ಆಗ ಇದು ತಿಳಿದಿರಲಿಲ್ಲ.

ಕೊನೆಗೆ ಎಷ್ಟು ಅಂಕ ಬಂತು ಎಂದು ಕೇಳುತ್ತೀರಿ, ನನಗೆ ಗೊತ್ತು. ಹನ್ನೊಂದನೆಯ ವಾರ್ಷಿಕ ಪರೀಕ್ಷೆಯಲ್ಲಿ 80ಕ್ಕೆ 51. ಯಾವ ಕ್ಲಾಸಿನವರೂ ಗೋಡೆಗೆ ಫೋಟೋ ಅಂಟಿಸುವ ಅಂಕವಲ್ಲ. ಆದರೆ ಹುಡುಗಿ ಮತ್ತೆ ಕ್ಯಾಲೆಂಡರಿನ ಹಿಂದೆ ಗೆರೆ ಎಳೆಯತೊಡಗಿದ್ದಾಳೆ. ಈ ಸಲ ನಮ್ಮ ಮನೆಯ ಕರೆಂಟ್ ಬಿಲ್ಲಿನದು.

ಅಕ್ಕೋರು ಫೀಸು ಬೇಡವೆಂದರು. ಬಿಟ್ಟಿ ಕಲಿತ ವಿದ್ಯೆ ಹತ್ತುವುದಿಲ್ಲ ಎಂದು ನಾವೇ ಒತ್ತಾಯ ಮಾಡಿ ಕೊಡುತ್ತಿದ್ದೇವೆ, ಜತೆಗೆ ಒಂದು ಲೋಟ ಕಾಫಿ. ಮುಂದಿನ ಸಭೆಗೆ ಬಂದಾಗ ನಿಮ್ಮ ಪಕ್ಕದಲ್ಲಿ ಕುಳಿತವರನ್ನು ನೀವೂ ಒಮ್ಮೆ ಕೇಳಿ: ನೀವು ಏನು ಓದಿದ್ದೀರಿ, ಏನು ಕೆಲಸದಲ್ಲಿದ್ದಿರಿ? ನಿಮಗೆ ಬೇಕಾದ ಮೇಷ್ಟ್ರು ಹಿಂದಿನ ಸಾಲಿನಲ್ಲೇ ಇದ್ದಾರು.