ಹಿಡಿ ಸೀತನಿ ಸಾಕು, ಬೆಲ್ಲ ಬೇಡ

ನಮ್ಮ ಕಡೆಯ ಮಂದಿಗೆ ಪ್ರೀತಿಯನ್ನು ಅಳೆಯಲು ಇರುವುದು ಒಂದೇ ಮಾಪು. ತಾಟಿಗೆ ಎಷ್ಟು ಬಡಿಸಿದರು, ಎಷ್ಟು ಒತ್ತಾಯ ಮಾಡಿದರು ಎಂಬುದು. “ಸಾಕ್ರಿ” ಎಂದು ಕೈ ಅಡ್ಡ ಹಿಡಿದ ಮೇಲೂ ಇನ್ನೊಂದು ಹೋಳಿಗೆ ಬೀಳದಿದ್ದರೆ, ಆ ಮನೆಯವರಿಗೆ ಬಡಿಸುವ ಮನಸ್ಸೇ ಇರಲಿಲ್ಲ ಎಂದು ತಿಳಿಯುತ್ತೇವೆ. ಈ ಮಾಪು ತಪ್ಪು. ಕೆಲವರ ಮಟ್ಟಿಗೆ ಅದು ಅಪಾಯದ್ದೂ ಹೌದು. ಆ ಕೆಲವರಲ್ಲಿ ನಾನೂ ಒಬ್ಬಳಾದ್ದರಿಂದ ಈ ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ.

ನಾಲ್ಕು ವರ್ಷದ ಹಿಂದೆ ನಾನು ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಸಕ್ಕರೆ ಕಾಯಿಲೆ ಇತ್ತು, ಮೊಣಕಾಲು ಸೋತಿದ್ದವು, ಕರಿಹಲಗೆಯ ಮುಂದೆ ಅರ್ಧ ತಾಸು ನಿಲ್ಲುವುದೂ ಕಷ್ಟವಾಗಿತ್ತು. ನಮ್ಮ ಗಬ್ಬೂರದಿಂದ ನರೇಂದ್ರದವರೆಗೆ ಬೈಪಾಸ್ ರಸ್ತೆಯಿದೆ. ಊರಿನ ಜೊತೆ ನನ್ನ ಹೊಟ್ಟೆಗೂ ಒಂದು ಬೈಪಾಸ್ ಆಯಿತು. 1966ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಡಾ. ಎಡ್ವರ್ಡ್ ಮೇಸನ್ ಆರಂಭಿಸಿದ ಪದ್ಧತಿ ಇದು. ಈಗ ಮಾಡುವ ಕ್ರಮದಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ, ಕೋಳಿಮೊಟ್ಟೆಗಿಂತ ಚಿಕ್ಕದಾದ ಚೀಲವನ್ನು ಮಾಡಿ ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಹಾಗಾಗಿ ತಿಂದ ಸಿಹಿ ಜಠರದಲ್ಲಿ ನಿಲ್ಲದೆ ಒಮ್ಮೆಲೇ ಕರುಳಿಗೆ ಸುರಿಯುತ್ತದೆ, ಅಲ್ಲಿಗೆ ನೀರನ್ನು ಎಳೆಯುತ್ತದೆ. ಅರ್ಧ ತಾಸಿನೊಳಗೆ ಎದೆ ಹೊಡೆದುಕೊಳ್ಳುತ್ತದೆ, ಬೆವರು, ತಲೆಸುತ್ತು, ಹೊಟ್ಟೆನೋವು, ಭೇದಿ. ಕೆಲವರಿಗೆ ಒಂದೆರಡು ತಾಸಿನ ಮೇಲೆ ರಕ್ತದ ಸಕ್ಕರೆ ಕುಸಿದು ಕೈಕಾಲು ನಡುಗುತ್ತವೆ. ವೈದ್ಯರು ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ಎಲ್ಲರಿಗೂ ಒಂದೇ ರೀತಿ ಆಗದಿದ್ದರೂ, ಆದವರಿಗೆ ಅದು ಚೇಷ್ಟೆಯ ಮಾತಲ್ಲ.

ಈಗ ಸೀತನಿಯ ವಿಷಯಕ್ಕೆ ಬರೋಣ. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಹಿಂಗಾರಿ ಜೋಳ ಹಾಲುಗಾಳಾಗುತ್ತದೆ. ಹೊಲದಲ್ಲಿ ಸಣ್ಣ ತಗ್ಗು ತೋಡಿ, ಕುಳ್ಳು ಹಚ್ಚಿ, ಕೆಂಡವಾದ ಮೇಲೆ ಎಳೆ ತೆನೆಗಳನ್ನು ಸುಟ್ಟು, ಬಿಸಿ ಇರುವಾಗಲೇ ತಿಕ್ಕಿ ಕಾಳು ಬಿಡಿಸಿ, ಮೊರದಲ್ಲಿ ಕೇರಿ ಬಾಯಿಗೆ ಹಾಕಿಕೊಂಡರೆ ಅದರ ಸುಖವೇ ಬೇರೆ. ಎರೆ ಹೊಲದ ನಡುವೆ ಬೆಳೆದ ನಮಗೆ ಅದು ವರ್ಷಕ್ಕೊಮ್ಮೆ ಬರುವ ಹಬ್ಬ. ಪರದೇಶದ ಮಕ್ಕಳು ಬೆಂಕಿಯ ಸುತ್ತ ಕೂತು ಕಡ್ಡಿಗೆ ಚುಚ್ಚಿ ಸುಡುವ ಮಾರ್ಷ್‌ಮ್ಯಾಲೊ ಬರೀ ಸಕ್ಕರೆಯ ಮುದ್ದೆ. ನಮ್ಮ ಸೀತನಿಯ ಸವಿ ಕಾಳಿನಲ್ಲೇ ಇದೆ. ಅದರ ಮೇಲೆ ಬೆಲ್ಲ ಸುರಿಯುವವರು ನಾವು.

ಅಂಥ ಬೆಂಕಿಯ ಸುತ್ತ ಕೂತಾಗ ನನಗೆ ಎರಡು ಬಗೆಯ ಮಾತು ಕೇಳಿಸುತ್ತವೆ. ಒಂದು, “ಅಯ್ಯ ಅಕ್ಕೋರ, ಸಕ್ರಿ ಅಲ್ಲರಿ, ಬೆಲ್ಲ. ಬೆಲ್ಲ ಛಲೋ ಅಲ್ಲೇನ್ರಿ? ಒಂದ ಚೂರು ತಿಂದ್ರ ಏನಾಗ್ತದ?” ಇನ್ನೊಂದು ಬೆನ್ನ ಹಿಂದಿನದು: “ಬಾಯಿ ಕಟ್ಟಲಾರದಕ್ಕ ಹೊಟ್ಟಿ ಕೊಯ್ಸಿಕೊಂಡಾಕಿಗೆ ಇನ್ನ ಸೀತನಿ ಯಾಕ ಬೇಕು?”

ಮೊದಲನೆಯವರಿಗೆ ನನ್ನ ಉತ್ತರ ಇದು. ಬೆಲ್ಲದಲ್ಲೂ ಹೆಚ್ಚಿನ ಪಾಲು ಸಕ್ಕರೆಯೇ. ಬಣ್ಣ ಕೆಂಪಾದ ಮಾತ್ರಕ್ಕೆ ಕರುಳು ಮೋಸ ಹೋಗುವುದಿಲ್ಲ. ಅಂಗಡಿಯ ‘ಶುಗರ್ ಫ್ರೀ’ ಪೊಟ್ಟಣ ತಂದು ಕೈಗಿಡುವವರೂ ಅದರ ಹಿಂಭಾಗ ಓದಬೇಕು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮದಂತೆ 100 ಗ್ರಾಂ ತಿನಿಸಿನಲ್ಲಿ ಸಕ್ಕರೆ ಅರ್ಧ ಗ್ರಾಂ ಮೀರದಿದ್ದರೆ ಮಾತ್ರ ಸಕ್ಕರೆರಹಿತ ಎನ್ನಬಹುದು. ‘ಸಕ್ಕರೆ ಸೇರಿಸಿಲ್ಲ’ ಎಂಬುದು ಬೇರೆಯೇ ಮಾತು. ಸಕ್ಕರೆ ಸೇರಿಸದ ಪೇಡೆಯ ಖೋವೆಯಲ್ಲೂ ಹಾಲಿನದೇ ಸಕ್ಕರೆ ಇರುತ್ತದೆ, ತುಪ್ಪವೂ ಇರುತ್ತದೆ. ಮಾಲ್ಟಿಟಾಲ್, ಸಾರ್ಬಿಟಾಲ್ ಹಾಕಿದ್ದರೆ ಹೆಚ್ಚು ತಿಂದವರ ಹೊಟ್ಟೆ ಕೆಡುತ್ತದೆ. 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬೇರೆ ಬಗೆಯ ಕೃತಕ ಸಿಹಿಗಳನ್ನೂ ತೂಕ ಕಾಯಲು ನೆಚ್ಚಬೇಡಿರೆಂದು ಹೇಳಿತು. ಹೀಗಿರುವಾಗ ಬೆಲ್ಲದ ಬದಲಿಗೆ ಇನ್ನೊಂದು ಸಿಹಿಯನ್ನು ಹುಡುಕುವ ಗೋಜು ಯಾಕೆ?

ಎರಡನೆಯವರಿಗೆ ಹೇಳುವುದು ಇನ್ನೂ ಇದೆ. ಹೃದಯದ ಬೈಪಾಸ್ ಮಾಡಿಸಿಕೊಂಡು ಬಂದ ಗಂಡಸಿಗೆ ಮಂದಿ ಹಣ್ಣು ಒಯ್ದು ಕೊಡುತ್ತಾರೆ. ಹೊಟ್ಟೆಯ ಬೈಪಾಸ್ ಮಾಡಿಸಿಕೊಂಡ ಹೆಂಗಸಿಗೆ ಉಪದೇಶ ಒಯ್ದು ಕೊಡುತ್ತಾರೆ. ಅವಳು ಸೋಮಾರಿ, ಹೊಟ್ಟೆಬಾಕಿ, ಚಂದ ಕಾಣುವ ಹುಚ್ಚಿನವಳು. ಮನೆಮಂದಿಗೆಲ್ಲ ಬಡಿಸಿ, ಉಳಿದದ್ದನ್ನು ಚೆಲ್ಲಲಾರದೆ ತಾನೇ ತಿಂದು ಮುಗಿಸಿದ ಮೂವತ್ತು ವರ್ಷಗಳ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಈ ಚಿಕಿತ್ಸೆ ಸುಲಭದ ದಾರಿಯೂ ಅಲ್ಲ. ಬದುಕಿರುವವರೆಗೆ ಬಿ-12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳನ್ನು ನುಂಗಬೇಕು, ಕಾಲಕಾಲಕ್ಕೆ ರಕ್ತ ಪರೀಕ್ಷೆ ಮಾಡಿಸಬೇಕು. ಹೊಟ್ಟೆ ಚಿಕ್ಕದಾಯಿತೆಂದು ನಾಲಿಗೆಯೂ, ಆಸೆಯೂ ಸಾಯಬೇಕೆಂದು ಯಾವ ವೈದ್ಯರೂ ಬರೆದುಕೊಟ್ಟಿಲ್ಲ.

ನಾನು ಸೀತನಿ ತಿನ್ನುತ್ತೇನೆ, ಸಂತೋಷದಿಂದಲೇ ತಿನ್ನುತ್ತೇನೆ. ಮೊದಲು ಗಟ್ಟಿ ಮೊಸರು, ಬೆಲ್ಲ ಹಾಕದ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಆಮೇಲೆ ಒಂದು ಸಣ್ಣ ಹಿಡಿ ಕಾಳು. ಜೋಳವೂ ಪಿಷ್ಟವೇ ಆದ್ದರಿಂದ ಹಿಡಿಯ ಲೆಕ್ಕ ತಪ್ಪಿಸುವುದಿಲ್ಲ. ಒಂದೊಂದು ಕಾಳನ್ನೂ ಹಿಟ್ಟಾಗುವಂತೆ ಅಗಿಯುತ್ತೇನೆ. ಮಜ್ಜಿಗೆಯನ್ನು ಅರ್ಧ ತಾಸು ಬಿಟ್ಟು ಕುಡಿಯುತ್ತೇನೆ. ಇದೂ ಹೊಸದಾಗಿ ಶಸ್ತ್ರಚಿಕಿತ್ಸೆಯಾದವರಿಗಲ್ಲ. ಅವರು ತಿಂಗಳುಗಟ್ಟಲೆ ಕಾಯ್ದು, ತಮ್ಮ ವೈದ್ಯರನ್ನು ಕೇಳಿಯೇ ಗಟ್ಟಿ ಕಾಳು ಮುಟ್ಟಬೇಕು. ಇಷ್ಟು ನಿಧಾನವಾಗಿ ತಿಂದಾಗ ಸುಟ್ಟ ತೆನೆಯ ಹೊಗೆವಾಸನೆ, ಹಾಲುಗಾಳಿನ ಸವಿ ಎಷ್ಟು ಚೆನ್ನಾಗಿ ತಿಳಿಯುತ್ತದೆ! ಹಿಂದೆ ಬೊಗಸೆಗಟ್ಟಲೆ ಮುಕ್ಕುವಾಗ ಬೆಲ್ಲದ ರುಚಿ ಬಿಟ್ಟು ಬೇರೇನೂ ತಿಳಿಯುತ್ತಿರಲಿಲ್ಲ.

ಅಕ್ಕತಂಗಿಯರೇ, ನಿಮ್ಮ ಓಣಿಯಲ್ಲೂ ಇಂಥವಳೊಬ್ಬಳು ಇರಬಹುದು. ನಾಚಿಕೆಯಿಂದ ಬಾಯಿ ಬಿಟ್ಟಿರಲಿಕ್ಕಿಲ್ಲ. ಈ ಸಲ ಹೊಲಕ್ಕೆ ಹೋಗುವಾಗ ಅವಳನ್ನೂ ಕರೆಯಿರಿ. ಬೆಲ್ಲವನ್ನು ಬೇರೆ ಬಟ್ಟಲಲ್ಲಿಡಿ, ಬೇಕಾದವರು ಹಾಕಿಕೊಳ್ಳಲಿ. ಅವಳ ತಾಟಿಗೆ ಅವಳೇ ಬಡಿಸಿಕೊಳ್ಳಲಿ. ಅವಳು “ಸಾಕು” ಎಂದಾಗ ನೀವೂ ಕೈ ನಿಲ್ಲಿಸಿ, ಮಾತನ್ನು ಮಕ್ಕಳ ಪರೀಕ್ಷೆಯ ಕಡೆಗೋ ಮಳೆಬೆಳೆಯ ಕಡೆಗೋ ತಿರುಗಿಸಿ. ಅಷ್ಟು ಮಾಡಿದರೆ ಅವಳು ಮರುವರ್ಷವೂ ತಾನಾಗಿಯೇ ಬಂದು ನಿಮ್ಮ ಬೆಂಕಿಯ ಪಕ್ಕ ಕೂರುತ್ತಾಳೆ.